ಮನಾಲಿ–ಲೇಹ್ ದಾರಿಗೆ ಸ್ವಂತ ಕಾರು: ಹೊರಡುವ ಮೊದಲು, ಬಂದ ಮೇಲೆ

ಬೆಂಗಳೂರಿನಿಂದ ಮನಾಲಿ ಮೂಲಕ ಲೇಹ್‌ಗೆ ಕಾರಿನಲ್ಲಿ ಹೋಗಿ ಬಂದ ಮೇಲೆ ಗೆಳೆಯರೆಲ್ಲ ಕೇಳಿದ್ದು ರೂಮು, ಪರ್ಮಿಟ್ಟು, ಉಸಿರಾಟದ ತೊಂದರೆ ಬಗ್ಗೆ. ಕಾರಿನ ಬಗ್ಗೆ ಕೇಳಿದವರು ಕಡಿಮೆ. ಸರ್ಚು, ಪಾಂಗ್ ಕಡೆ ಕಾರು ನಿಂತರೆ ಮೆಕ್ಯಾನಿಕ್ ಸಿಗುವುದು ಸುಲಭವಲ್ಲ. ಹಾಗಾಗಿ ಇದನ್ನೇ ಮೊದಲು ಬರೆಯುತ್ತಿದ್ದೇನೆ.

ಕಾರಿನ ಜೊತೆ ಬರುವ ಪುಸ್ತಕ ತೆಗೆದು ನೋಡಿ. ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷಕ್ಕೆ ಸರ್ವೀಸ್ ಅಂತ ಇರುತ್ತದೆ. ಅದರ ಜೊತೆಗೇ, ಕಠಿಣ ಪರಿಸ್ಥಿತಿಯಲ್ಲಿ ಓಡುವ ಕಾರಿಗೆ ಬೇಗ ಸರ್ವೀಸ್ ಮಾಡಿಸಿ ಅಂತಲೂ ಬರೆದಿರುತ್ತಾರೆ. ಧೂಳು, ಬೆಟ್ಟದ ರಸ್ತೆ, ವಿಪರೀತ ಚಳಿ ಅದರಲ್ಲಿ ಬರುತ್ತವೆ. ನಿಂತಲ್ಲೇ ಎಂಜಿನ್ ಓಡುವುದೂ ಬರುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಸಿಕ್ಕಿಕೊಂಡರೆ ಮೀಟರಿನಲ್ಲಿ ಏರುವುದು ಕೆಲವೇ ಕಿ.ಮೀ., ಎಂಜಿನ್ ಮಾತ್ರ ಗಂಟೆ ಪೂರ್ತಿ ಓಡಿರುತ್ತದೆ, ಅಲ್ವಾ? ನಮ್ಮೂರಿನ ಕಾರು ಹಿಮಾಲಯ ನೋಡುವ ಮೊದಲೇ ಆ ಪಟ್ಟಿಗೆ ಸೇರಿದೆ.

ಮನಾಲಿಗೇ ಸುಮಾರು 2,700 ಕಿ.ಮೀ. ಇದೆ. ಲೇಹ್ ಮುಟ್ಟಿ ವಾಪಸ್ ಬರುವಷ್ಟರಲ್ಲಿ 6,000 ದಾಟುತ್ತದೆ. ಹಳೆಯ ಆಯಿಲ್‌ನಲ್ಲಿ ಹೊರಡಬೇಡಿ. ಹೊರಡುವುದಕ್ಕೆ ಎರಡು ವಾರ ಮೊದಲೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಬದಲಾಯಿಸಿ, ಒಮ್ಮೆ ಯಾವುದಾದರೂ ಘಾಟಿ ಹತ್ತಿಸಿ ಇಳಿಸಿ. ಸೋರಿಕೆ, ಸದ್ದು ಏನಿದ್ದರೂ ಊರಲ್ಲೇ ಗೊತ್ತಾಗಲಿ.

ಇನ್ನು ಏರ್ ಫಿಲ್ಟರ್. ಈ ದಾರಿಯ ತಂಗ್ಲಾಂಗ್ ಲಾ 5,328 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಅಲ್ಲಿನ ಗಾಳಿ ಹೆಚ್ಚುಕಡಿಮೆ ಅರ್ಧದಷ್ಟು ತೆಳು. ಟರ್ಬೊ ಇಲ್ಲದ ಪೆಟ್ರೋಲ್ ಕಾರು ಏದುಸಿರು ಬಿಡುತ್ತದೆ. ಅದರ ಮೇಲೆ ಫಿಲ್ಟರಿನಲ್ಲಿ ಧೂಳು ಕಟ್ಟಿಕೊಂಡರೆ ಏರು ಹತ್ತುವುದೇ ಕಷ್ಟ. ಹೊಸ ಫಿಲ್ಟರ್ ಒಂದನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಎಷ್ಟೋ ಕಾರುಗಳಲ್ಲಿ ಕ್ಲಿಪ್ ತೆಗೆದು ನೀವೇ ಬದಲಾಯಿಸಬಹುದು.

ಕೂಲೆಂಟ್ ವಿಷಯ ತುಂಬ ಜನರಿಗೆ ಹೊಳೆಯುವುದಿಲ್ಲ. ಅಷ್ಟು ಎತ್ತರದಲ್ಲಿ ತೆರೆದ ಪಾತ್ರೆಯ ನೀರು 82–83 ಡಿಗ್ರಿಗೇ ಕುದಿಯುತ್ತದೆ. ಕಾರಿನ ಕೂಲೆಂಟ್ ಕುದಿಯದೆ ಇರುವುದಕ್ಕೆ ರೇಡಿಯೇಟರ್ ಮುಚ್ಚಳ ಹಿಡಿದಿಡುವ ಒತ್ತಡವೂ ಮುಖ್ಯ ಕಾರಣ. ಮುಚ್ಚಳದ ರಬ್ಬರ್ ಸವೆದಿದ್ದರೆ ಬದಲಾಯಿಸಿ. ಕೂಲೆಂಟ್ ಕಡಿಮೆಯಾಯಿತು ಅಂತ ಬರೀ ನೀರು ತುಂಬಬೇಡಿ. ರಾತ್ರಿ ಸೊನ್ನೆಗಿಂತ ಕೆಳಗೆ ಇಳಿದರೆ ಅದು ಹೆಪ್ಪುಗಟ್ಟಬಹುದು. ಬಿಸಿ ಎಂಜಿನ್ನಿನ ಮುಚ್ಚಳವನ್ನಂತೂ ತೆಗೆಯಲೇಬೇಡಿ.

ಬ್ರೇಕ್ ಆಯಿಲ್ ತೇವ ಹೀರುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಅಂಥ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷ ಆಗಿದ್ದರೆ ಬದಲಾಯಿಸಿಯೇ ಹೊರಡಿ. 21 ಹೇರ್‌ಪಿನ್ ತಿರುವುಗಳ ಗಾಟಾ ಲೂಪ್ಸ್‌ನಲ್ಲಿ, ವಾಪಸ್ ಬರುವಾಗ, ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಯಿರಿ.

ಟೈರಿನ ಗಾಳಿ ನೋಡುವುದು ಬೆಳಿಗ್ಗೆ, ತಣ್ಣಗಿರುವಾಗ. ಬೆಂಗಳೂರಲ್ಲಿ ತುಂಬಿಸಿದ್ದು ತಂಗ್ಲಾಂಗ್ ಲಾದಲ್ಲಿ ಬರೀ ಎತ್ತರದ ಕಾರಣಕ್ಕೇ ಸುಮಾರು 5 ಪಿಎಸ್ಐ ಜಾಸ್ತಿ ತೋರಿಸುತ್ತದೆ. ಚಳಿ ಅದನ್ನು ಸ್ವಲ್ಪ ಇಳಿಸುತ್ತದೆ. ಮೇಲೆ ಗಾಳಿ ಬಿಟ್ಟರೆ ಕೆಳಗೆ ಬಂದ ಮೇಲೆ ಮತ್ತೆ ತುಂಬಿಸಬೇಕು. ಪಂಪ್, ಪಂಕ್ಚರ್ ಕಿಟ್ ಜೊತೆಗಿರಲಿ. ಸ್ಟೆಪ್ನಿ ನೋಡಿಕೊಂಡೇ ಹೊರಡಿ.

2020ರಲ್ಲಿ ಅಟಲ್ ಸುರಂಗ ಆದ ಮೇಲೆ ರೋಹ್ತಾಂಗ್ ಹತ್ತುವ ಕೆಲಸವಿಲ್ಲ. ಟಾಂಡಿಯಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ. ರಸ್ತೆಗೆ ಅಡ್ಡ ಹರಿಯುವ ನಾಲಾಗಳನ್ನು ಬೆಳಿಗ್ಗೆಯೇ ದಾಟಿ. ಮಧ್ಯಾಹ್ನ ಹಿಮ ಕರಗಿ ನೀರು ಏರುತ್ತದೆ. ದಾಟಿದ ಮೇಲೆ ನಿಧಾನವಾಗಿ ಹೋಗುತ್ತಾ ಒಂದೆರಡು ಸಲ ಬ್ರೇಕ್ ಒತ್ತಿ, ಒಣಗಲಿ. ಆಳದ ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ತಳ್ಳಿಸಿ. ಒಳಗೆ ನೀರು ಹೋಗಿದ್ದರೆ ಒಂದು ಸ್ಟಾರ್ಟಿಗೆ ಎಂಜಿನ್ನೇ ಹಾಳಾಗಬಹುದು.

ವಾಪಸ್ ಬಂದ ಮೇಲೆ ಸುಮ್ನೆ ತೊಳೆಸಿ ನಿಲ್ಲಿಸಬೇಡಿ. ಸರ್ವೀಸಿನವರು “ಇನ್ನೂ ಕಿ.ಮೀ. ಆಗಿಲ್ಲ ಸಾರ್” ಅನ್ನಬಹುದು. ಪುಸ್ತಕದ ಆ ಪುಟ ತೋರಿಸಿ ಆಯಿಲ್, ಏರ್ ಫಿಲ್ಟರ್, ಎಸಿ ಫಿಲ್ಟರ್ ಬದಲಾಯಿಸಿಕೊಳ್ಳಿ. ಚಕ್ರ ಬಿಚ್ಚಿಸಿ ಬ್ರೇಕಿನೊಳಗಿನ ಮರಳು ತೆಗೆಸಿ. ಸಸ್ಪೆನ್ಷನ್ ಬುಷ್, ಬೇರಿಂಗ್ ನೋಡಿಸಿ, ಆಮೇಲೆ ಅಲೈನ್‌ಮೆಂಟ್. ಎಂಜಿನ್ ಕೆಳಗಿನ ತಟ್ಟೆಯನ್ನೂ ಬಿಚ್ಚಿಸಿ. ಅದರ ಮೇಲೆ ಕೂತ ಜಲ್ಲಿ, ಕೆಸರು ಮೇಲಿಂದ ನೀರು ಹೊಡೆದರೆ ಹೋಗುವುದಿಲ್ಲ.