ಕಸದ ಲೆಕ್ಕದಲ್ಲಿ ಡೀಸೆಲ್‌ಗೂ ಒಂದು ಕಾಲಂ ಇರಲಿ

ಮಾಲ್ಡೀವ್ಸ್‌ಗೆ ಅಕೌಂಟ್ಸ್ ಕೆಲಸಕ್ಕೆ ಬಂದ ಮೇಲೆ ನನ್ನ ಪಾಲಿಗೆ ಬಂದದ್ದು ಕಸದ ಲೆಕ್ಕ. ದ್ವೀಪಗಳಿಂದ ಕಸ ಸಾಗಿಸುವ ಗುತ್ತಿಗೆ ನಮ್ಮದು. ಸರ್ಕಾರದ ದುಡ್ಡು ಎಲ್ಲಿ ಧಾರಾಳ, ಎಲ್ಲಿ ಬಿಗಿ ಅನ್ನೋದು ಬಿಲ್ ನೋಡಿದರೇ ಗೊತ್ತಾಗುತ್ತದೆ. ಇಲ್ಲಿ ಕಲಿತದ್ದು ಇಷ್ಟೇ: ಕಟ್ಟುವ ದುಡ್ಡು ಬೇರೆ, ನಡೆಸುವ ದುಡ್ಡು ಬೇರೆ. ಮೊದಲನೆಯದಕ್ಕೆ ದಾನಿಗಳು ಸಿಗುತ್ತಾರೆ, ಎರಡನೆಯದನ್ನು ಕೇಳುವವರೇ ಕಡಿಮೆ.

ಈ ದೇಶದಲ್ಲಿ ಸುಮಾರು 1200 ದ್ವೀಪಗಳಿವೆ. ಜನವಸತಿ ಇರುವುದು 190ರ ಆಸುಪಾಸಿನಲ್ಲಿ. ಎಷ್ಟೋ ದ್ವೀಪಗಳಲ್ಲಿ ಸಾವಿರ ಜನವೂ ಇಲ್ಲ. 2004ರ ಸುನಾಮಿ ಆದ ಮೇಲೆ ಹೊರಗಿನ ನೆರವಿನಿಂದ ಹಲವು ದ್ವೀಪಗಳಲ್ಲಿ ಕಸದ ಕೇಂದ್ರಗಳು ಎದ್ದವು. ಆದರೆ ಸಂಬಳಕ್ಕೆ, ಗಾಡಿಗೆ, ಸಾಗಣೆಗೆ ದುಡ್ಡಿಲ್ಲದೆ ಅವುಗಳಲ್ಲಿ ಬಹಳಷ್ಟು ಸುಮ್ನೆ ನಿಂತುಬಿಟ್ಟವು.

ಅಂಥ ಒಂದು ಕೇಂದ್ರಕ್ಕೆ ಬಿಲ್ ತಾಳೆ ನೋಡಲು ಹೋಗಿದ್ದೆ. ಶೆಡ್ ಗಟ್ಟಿಯಾಗಿತ್ತು. ಡಬ್ಬಿ, ಪ್ಲಾಸ್ಟಿಕ್, ಗಾಜು ಬೇರೆ ಬೇರೆ ಹಾಕಲು ಗೋಡೆ ಕಟ್ಟಿದ್ದರು. ಮೂಲೆಯಲ್ಲಿ ಪ್ಲಾಸ್ಟಿಕ್ ಒತ್ತಿ ಕಟ್ಟುವ ಮಷಿನ್ ಇತ್ತು, ಬೆಲ್ಟ್ ಹರಿದಿತ್ತು. ಉಪ್ಪುಗಾಳಿಗೆ ಅದರ ಬೋಲ್ಟ್‌ಗಳು ಕೆಂಪಾಗಿ ಪುಡಿ ಉದುರುತ್ತಿದ್ದವು. ಬೆಲ್ಟ್ ರಾಜಧಾನಿ ಮಾಲೆಯಿಂದ ಬರಬೇಕು, ಮಾಲೆಗೆ ಹೊರದೇಶದಿಂದ ಬರಬೇಕು. ಬೆಲ್ಟ್‌ನ ಬೆಲೆ ದೊಡ್ಡದೇನಲ್ಲ. ಅದನ್ನು ಯಾವ ತಲೆಬರಹದಡಿ ಬರೆಯಬೇಕು ಅನ್ನೋದೇ ದ್ವೀಪದ ಆಡಳಿತ ನೋಡುವ ಕೌನ್ಸಿಲ್‌ನ ಬಜೆಟ್‌ನಲ್ಲಿ ಇರಲಿಲ್ಲ! ಒತ್ತದ ಪ್ಲಾಸ್ಟಿಕ್ ದೋಣಿಯಲ್ಲಿ ಜಾಸ್ತಿ ಜಾಗ ತಿನ್ನುತ್ತದೆ. ಹಾಗಾಗಿ ದೋಣಿ ಇನ್ನೊಂದು ಸಲ ಬರಬೇಕು, ಮತ್ತೆ ಡೀಸೆಲ್. ಒಂದು ಬೆಲ್ಟ್ ಉಳಿಸಿದ್ದಕ್ಕೆ ತಿಂಗಳು ತಿಂಗಳೂ ದಂಡ.

ದೋಣಿಯ ಖರ್ಚು ಊರಲ್ಲಿ ಕೂತವರಿಗೆ ಅಂದಾಜಾಗುವುದಿಲ್ಲ. ಲಾರಿಯಾದರೆ ಮಳೆ ಬಂದರೂ ಹೋಗುತ್ತದೆ. ಇಲ್ಲಿ ನೈಋತ್ಯ ಮಾರುತ ಜೋರಾದಾಗ ದೋಣಿ ಹೊರಡುವುದೇ ಇಲ್ಲ. ಕಸ ಮಾತ್ರ ನಿಲ್ಲುವುದಿಲ್ಲ, ಅಲ್ವಾ? ಹಾಗಾಗಿ ಅಷ್ಟು ದಿನ ಕೂಡಿಡಲು ಜಾಗ ಬೇಕು, ಹಸಿ ಕಸ ಕೊಳೆಯದ ಹಾಗೆ ನೋಡಿಕೊಳ್ಳುವ ಆಳು ಬೇಕು. ಅದೂ ಕಸದ ಖರ್ಚೇ.

ಮಾಲೆಯ ಕಸ ಹೋಗುವುದು ಥಿಲಫುಶಿಗೆ. ಹವಳದ ದಿಬ್ಬದೊಳಗಿನ ಆಳವಿಲ್ಲದ ಸಮುದ್ರಕ್ಕೆ, ಅಂದರೆ ಲಗೂನ್‌ಗೆ, ಕಸ ತುಂಬಿಸಿ ಮಾಡಿದ ದ್ವೀಪ ಅದು. ದಶಕಗಳ ಕಾಲ ಬಯಲಲ್ಲೇ ಸುಡುತ್ತಿದ್ದರು, ಹೊಗೆ ರಾಜಧಾನಿಗೂ ಕಾಣುತ್ತಿತ್ತು. 2021ರಲ್ಲಿ ಸುಡುವುದು ನಿಂತಿತು. ಅಲ್ಲಿ ದಿನಕ್ಕೆ 500 ಟನ್ ಕಸದಿಂದ ವಿದ್ಯುತ್ ಮಾಡುವ ಘಟಕಕ್ಕೆ ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಅಂದಾಜು ವೆಚ್ಚ 15 ಕೋಟಿ ಡಾಲರ್‌ಗೂ ಹೆಚ್ಚು. ಅದರಲ್ಲಿ ನನಗೆ ಹಿಡಿಸಿದ್ದು ಮೊತ್ತವಲ್ಲ, ಗುತ್ತಿಗೆಯ ರೀತಿ. ವಿನ್ಯಾಸ ಮಾಡಿ ಕಟ್ಟುವವರೇ ನಡೆಸಲೂ ಬೇಕು. ಬೆಲ್ಟ್ ಹರಿದರೆ ಯಾರ ತಲೆನೋವು ಅನ್ನೋದು ಮೊದಲ ದಿನವೇ ತೀರ್ಮಾನವಾಗಿರುತ್ತದೆ.

ದೇಶಕ್ಕೆ ಆದಾಯವೇ ಇಲ್ಲ ಅಂತಲ್ಲ. 2015ರಿಂದ ಪ್ರವಾಸಿಗರಿಗೆ ಗ್ರೀನ್ ಟ್ಯಾಕ್ಸ್, ಅಂದರೆ ಪರಿಸರದ ಹೆಸರಿನ ತೆರಿಗೆ ಇದೆ. ರೆಸಾರ್ಟ್‌ನಲ್ಲಿ ತಂಗುವ ಒಬ್ಬೊಬ್ಬರಿಂದ ರಾತ್ರಿಗೆ 6 ಡಾಲರ್ ಇದ್ದದ್ದು 2025ರ ಜನವರಿಯಿಂದ 12 ಆಗಿದೆ. ಒಳ್ಳೆಯ ನಿರ್ಧಾರ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಆದರೆ ಈ ಹಣದಲ್ಲೂ ಹೊಸ ಶೆಡ್, ಹೊಸ ಮಷಿನ್ ಕಡೆಗೇ ಎಲ್ಲರ ಕಣ್ಣು ಹೋಗುತ್ತದೆ. ರಿಬ್ಬನ್ ಕತ್ತರಿಸಲು ಡೀಸೆಲ್‌ನಲ್ಲಿ ಏನಿದೆ?

ಈಗ ಯಾವ ದ್ವೀಪದ ಪ್ರಸ್ತಾವ ಬಂದರೂ ಮೂರು ಕಾಲಂ ನಾನೇ ಸೇರಿಸುತ್ತೇನೆ: ಡೀಸೆಲ್, ಬಿಡಿಭಾಗ, ಆಪರೇಟರ್‌ನ ಸಂಬಳ. ಐದು ವರ್ಷಕ್ಕೆ ಎಷ್ಟು, ಯಾರು ಕೊಡುತ್ತಾರೆ ಅಂತ ಪಕ್ಕದಲ್ಲೇ ಬರೆಸಿಕೊಳ್ಳುತ್ತೇನೆ. ಮೊನ್ನೆ ಒಂದು ಕೌನ್ಸಿಲ್‌ನವರು ಆ ಕಾಲಂ ತುಂಬಲು ಕೂತವರು, ಹೊಸ ಮಷಿನ್ ಬೇಡ, ಜೆಟ್ಟಿ ರಿಪೇರಿ ಮಾಡಿಸಿ, ಇರುವ ಮಷಿನ್‌ಗೆ ಒಬ್ಬ ಕಾಯಂ ಆಪರೇಟರ್ ಕೊಡಿ ಅಂತ ಪ್ರಸ್ತಾವವನ್ನೇ ಬದಲಿಸಿ ಕಳಿಸಿದರು. ಮೊದಲಿನದಕ್ಕಿಂತ ಕಡಿಮೆ ಮೊತ್ತ. ಅದೇ ವಾರ ಮುಂದಕ್ಕೆ ಕಳಿಸಿದೆ.