ಐದನೇ ಗೇರ್‌ನಲ್ಲಿ ನಲವತ್ತು

ಶಿವಮೊಗ್ಗದ ಒಂದು ಕಾರ್ ವರ್ಕ್‌ಶಾಪಿನಲ್ಲಿ ನಾನು ಸರ್ವಿಸ್ ಅಡ್ವೈಸರ್. ಜಾಬ್ ಕಾರ್ಡ್ ಬರೆಯುವುದು, ಗಾಡಿ ಒಳಗೆ ಬಿಡುವುದು, ಸಂಜೆ ಬಿಲ್ ತೋರಿಸಿ ಬೈಸಿಕೊಳ್ಳುವುದು ನನ್ನ ಕೆಲಸ. ಹೊಸ ಕಾರು ಡೆಲಿವರಿ ಇದ್ದ ದಿನ ಪಕ್ಕದ ಶೋರೂಮಿಗೆ ಹೋಗಿ ಹತ್ತು ನಿಮಿಷ ಮಾತಾಡಬೇಕು. ಗಾಡಿ ಹೇಗೆ ನೋಡಿಕೊಳ್ಳಬೇಕು, ಮೊದಲ ಸರ್ವಿಸ್ ಯಾವಾಗ, ಇಂಥವು.

ಆ ಹತ್ತು ನಿಮಿಷ ನನ್ನ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಆಗಷ್ಟೇ ಪೂಜೆ ಮುಗಿದಿರುತ್ತದೆ. ಬಾನೆಟ್ ಮೇಲೆ ಕುಂಕುಮ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಅಜ್ಜಿ ಆಗಲೇ ಮುಂದಿನ ಸೀಟಿನಲ್ಲಿ ಕೂತಾಗಿದೆ. ಮೊಮ್ಮಗ ಹಾರ್ನ್ ಬಿಡುತ್ತಿಲ್ಲ. ಫೋಟೋ ತೆಗೆಯುವವನು "ಸಾರ್, ಸ್ವಲ್ಪ ಪಕ್ಕಕ್ಕೆ" ಅಂತ ನನ್ನನ್ನೇ ಸರಿಸುತ್ತಾನೆ. ಹಾಗಾಗಿ ವರ್ಷಗಳು ಕಳೆದಂತೆ ನನ್ನ ಭಾಷಣ ಸವೆದು ಸವೆದು ಎಂಜಿನ್ ಬಗ್ಗೆ ಒಂದೇ ಸಾಲು ಉಳಿದಿತ್ತು: "ಮೊದಲ ಸಾವಿರ ಕಿಲೋಮೀಟರ್ ಅರವತ್ತು ದಾಟಬೇಡಿ ಸಾರ್, ನಿಧಾನಕ್ಕೆ ಓಡಿಸಿ."

ಈ ಸಾಲು ನನಗೆ ಸಿಕ್ಕಿದ್ದು ನನ್ನ ಮೊದಲ ಗ್ಯಾರೇಜಿನಲ್ಲಿ. ಅಲ್ಲಿ ಅಂಬಾಸಿಡರ್ ಟ್ಯಾಕ್ಸಿಗಳ ಎಂಜಿನ್ ಬಿಚ್ಚಿ ಬೋರ್ ಹೊಡೆಸಿ, ಅಂದರೆ ಸವೆದ ಸಿಲಿಂಡರನ್ನು ಕೊರೆದು ಸ್ವಲ್ಪ ಅಗಲ ಮಾಡಿಸಿ, ಹೊಸ ಪಿಸ್ಟನ್ ಹಾಕಿ ಕೊಡುತ್ತಿದ್ದರು. ಪಿಸ್ಟನ್ ಬಿಗಿಯಾಗಿರುತ್ತಿತ್ತು. ಬಿಸಿಗೆ ಉಬ್ಬಿದರೆ ಸೀಜ್ ಆಗುವ, ಅಂದರೆ ಕಚ್ಚಿಕೊಂಡು ನಿಂತೇ ಹೋಗುವ ಭಯ. ಹಾಗಾಗಿ ನಲವತ್ತರಲ್ಲೇ ಓಡಿಸಿ ಎನ್ನುತ್ತಿದ್ದರು, ಹಿಂದಿನ ಗಾಜಿಗೆ "ರನ್ನಿಂಗ್ ಇನ್" ಅಂತ ಚೀಟಿ ಅಂಟಿಸುತ್ತಿದ್ದರು. ಆ ಕಾಲಕ್ಕೆ, ಆ ಎಂಜಿನ್‌ಗೆ ಅದು ಸರಿಯೇ. ನಾನು ಮಾತ್ರ ಎಂಜಿನ್ ಬದಲಾದರೂ ಚೀಟಿ ಬದಲಾಯಿಸಲಿಲ್ಲ.

ನನ್ನ ಕಣ್ಣು ತೆರೆಸಿದವರು ತೀರ್ಥಹಳ್ಳಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ಅವರ ಕಾರಿನ ಕಂಪನಿ ಹೆಸರು ಇಲ್ಲಿ ಬೇಡ, ಯಾಕೆಂದರೆ ತಪ್ಪು ಕಾರಿನದಲ್ಲ. ಜೂನ್‌ಗೆ ಮುಂಚೆ ಡೆಲಿವರಿ ತಗೊಂಡಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ವಾಪಸ್ ಬಂದರು. ಮೀಟರಿನಲ್ಲಿ ಮೂರು ಸಾವಿರವೂ ಆಗಿರಲಿಲ್ಲ. ದೂರು ಎರಡು. ಪಿಕಪ್ ಇಲ್ಲ. ಏರು ಹತ್ತುವಾಗ ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ ಸದ್ದು.

ಬಾನೆಟ್ ಎತ್ತಿ ಎಣ್ಣೆ ತುಂಬುವ ಮುಚ್ಚಳ ತಿರುಗಿಸಿದೆ. ಮುಚ್ಚಳದ ಒಳಗೆ ಹಳದಿ ಬಿಳಿ ಕೆನೆ, ಬೆರಳಿಗೆ ಅಂಟುವಷ್ಟು ದಪ್ಪ. ಮೇಷ್ಟ್ರ ಮುಖ ಸಣ್ಣದಾಯಿತು. "ಹೆಡ್ ಗ್ಯಾಸ್ಕೆಟ್ ಹೋಗಿದೆಯಾ?" ಅಂದರು. ಯಾರೋ ಅವರಿಗೆ ಮೊದಲೇ ಹೆದರಿಸಿದ್ದರು. ಎಂಜಿನ್ ತಲೆಯ ಕೆಳಗಿನ ಆ ಪದರ ಹೋದರೆ ಕೂಲಂಟ್, ಅಂದರೆ ಎಂಜಿನ್ ತಂಪಾಗಿಸುವ ನೀರು, ಎಣ್ಣೆಗೆ ಸೇರಿ ಹೀಗೇ ಕೆನೆ ಕಟ್ಟಬಹುದು. ಕೂಲಂಟ್ ನೋಡಿದೆ, ಮಟ್ಟ ಸರಿಯಾಗಿತ್ತು, ಬಣ್ಣವೂ ಶುದ್ಧ. ಅಂದರೆ ಇದು ಗ್ಯಾಸ್ಕೆಟ್ ಅಲ್ಲ, ಸುಮ್ನೆ ನೀರಾವಿ. ಎಂಜಿನ್ ಪೂರ್ತಿ ಬಿಸಿಯಾಗುವ ಮುಂಚೆಯೇ ಆರಿಸಿದರೆ ಒಳಗಿನ ತೇವ ಆವಿಯಾಗಿ ಹೋಗುವುದಿಲ್ಲ, ಎಣ್ಣೆ ಜೊತೆ ಸೇರಿ ಮಜ್ಜಿಗೆ ಕಡೆದ ಹಾಗೆ ಆಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಎಷ್ಟೋ ಗಾಡಿಯಲ್ಲಿ ನೋಡಿದ್ದೇನೆ. ಆಮೇಲೆ ಡಿಪ್ ಸ್ಟಿಕ್ ಎಳೆದೆ. ಎಣ್ಣೆ ಕೆಳಗಿನ ಗುರುತಿಗೆ ಹತ್ತಿರ ಇತ್ತು. ಕೆನೆಗಿಂತ ನನಗೆ ಚಿಂತೆ ಹತ್ತಿಸಿದ್ದು ಇದು.

"ಹೇಗೆ ಓಡಿಸ್ತೀರಾ ಮೇಷ್ಟ್ರೇ?" ಅಂದೆ.

"ನೀವು ಹೇಳಿದ ಹಾಗೇ ಕಣ್ರೀ. ನೀವು ಅರವತ್ತು ಅಂದ್ರಿ, ನಾನು ನಲವತ್ತೇ ದಾಟಿಲ್ಲ. ಬೆಳಿಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡ್ತೀನಿ, ಎಂಜಿನ್ ಬೆಚ್ಚಗಾಗಲಿ ಅಂತ. ಆಮೇಲೆ ಡೈರಿಗೆ, ಲೈಬ್ರರಿಗೆ, ವಾಪಸ್ ಮನೆಗೆ. ಬೇಗ ಐದನೇ ಗೇರ್ ಹಾಕಿಬಿಡ್ತೀನಿ, ಎಂಜಿನ್‌ಗೆ ಆಯಾಸ ಆಗಬಾರದಲ್ವಾ?"

ಒಂದೊಂದು ವಾಕ್ಯಕ್ಕೂ ನನ್ನ ತಲೆ ತಗ್ಗುತ್ತಾ ಹೋಯಿತು. ಅವರು ನನ್ನ ಮಾತು ಮೀರಿರಲಿಲ್ಲ, ಅದನ್ನು ಶ್ರದ್ಧೆಯಿಂದ ಪಾಲಿಸಿದ್ದರು.

ಹೊಸ ಎಂಜಿನ್ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳಲೇಬೇಕು. ಸಿಲಿಂಡರ್ ಗೋಡೆ ಕನ್ನಡಿಯಂತೆ ನುಣ್ಣಗಿರುವುದಿಲ್ಲ. ಫ್ಯಾಕ್ಟರಿಯಲ್ಲಿ ಬೇಕಂತಲೇ ಅದಕ್ಕೆ ಓರೆಯಾಗಿ ಗೀರು ಹಾಕಿರುತ್ತಾರೆ, ಚಾಪೆ ಹೆಣಿಗೆಯ ಹಾಗೆ ಒಂದರ ಮೇಲೊಂದು ಹಾದು ಹೋಗುತ್ತವೆ. ಗೀರಿನ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ. ಗೀರಿನ ಏಣು ಮತ್ತು ಪಿಸ್ಟನ್ ಸುತ್ತ ಬಳೆಯ ಹಾಗೆ ಕೂತ ರಿಂಗಿನ ಅಂಚು ಒಂದಕ್ಕೊಂದು ಉಜ್ಜಿ, ಸ್ವಲ್ಪ ಸವೆದು, ಕೊನೆಗೆ ಹೊಂದಿಕೊಳ್ಳಬೇಕು. ಇದಕ್ಕೇ ನಾವು "ರಿಂಗ್ ಕೂರುವುದು" ಅನ್ನುತ್ತೇವೆ. ಈಗಿನ ಎಂಜಿನ್‌ಗಳಲ್ಲಿ ಫಿನಿಶಿಂಗ್ ತುಂಬ ಚೆನ್ನಾಗಿರುವುದರಿಂದ ಉಳಿಯುವ ಕೆಲಸ ಕಡಿಮೆ. ಆದರೆ ಇಲ್ಲವೇ ಇಲ್ಲ ಅಂತಲ್ಲ.

ರಿಂಗು ಬರೀ ತನ್ನ ಸ್ಪ್ರಿಂಗ್ ಬಲದಿಂದ ಗೋಡೆಗೆ ಒತ್ತಿಕೊಳ್ಳುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ಗ್ಯಾಸ್ ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಆ ಒತ್ತಡ ಜಾಸ್ತಿ. ನಿಂತಲ್ಲೇ ಸ್ಟಾರ್ಟ್ ಮಾಡಿ ಬಿಟ್ಟರೆ ಒತ್ತಡ ತೀರಾ ಕಡಿಮೆ. ರಿಂಗು ಸುಮ್ನೆ ಜಾರುತ್ತಿರುತ್ತದೆ, ಕೂರುವುದಿಲ್ಲ. ದಿನಾ ಹೀಗೇ ಆದರೆ ಎಣ್ಣೆ ಸುಟ್ಟು ಗೋಡೆಯ ಮೇಲೆ ಹೊಳಪಿನ ಪದರ ಕಟ್ಟುತ್ತದೆ. ಗೀರುಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಗಾಡಿ ಎಣ್ಣೆ ಕುಡಿಯಲು ಶುರು.

ಐದನೇ ಗೇರ್‌ನಲ್ಲಿ ನಲವತ್ತು ಅಂದರೆ ಎಂಜಿನ್ 1300 ಆರ್‌ಪಿಎಂ, ಅಂದರೆ ನಿಮಿಷಕ್ಕೆ 1300 ಸುತ್ತಿನ ಆಸುಪಾಸು. ಸಮತಟ್ಟು ರಸ್ತೆಯಲ್ಲಿ ಅದರ ಮೇಲೆ ಭಾರವೇ ಇಲ್ಲ. ಏರು ಬಂದರೆ ತದ್ವಿರುದ್ಧ. ಮೇಷ್ಟ್ರು ಗೇರ್ ಇಳಿಸದೆ ಆಕ್ಸಿಲರೇಟರ್ ಪೂರ್ತಿ ತುಳಿಯುತ್ತಿದ್ದರು. ಬಡಿತ ಬರುತ್ತಿದ್ದದ್ದು ಅದಕ್ಕೇ. ಸೈಕಲ್ಲಿನಲ್ಲಿ ದೊಡ್ಡ ಗೇರ್ ಹಾಕಿಕೊಂಡು ದಿಬ್ಬ ಹತ್ತಿದರೆ ಮಂಡಿ ಹೇಗೆ ಕಿರುಗುಟ್ಟುತ್ತದೋ, ಇಲ್ಲಿ ಬೇರಿಂಗ್ ಹಾಗೆ ನರಳುತ್ತದೆ. ಸಣ್ಣ ಟರ್ಬೊ ಎಂಜಿನ್‌ಗಳಿಗಂತೂ ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ತುಳಿಯುವುದು ಇನ್ನೂ ಕೆಟ್ಟದ್ದು. ಕಿಡಿ ಹೊತ್ತುವ ಮುಂಚೆಯೇ ಪೆಟ್ರೋಲ್ ತಾನಾಗಿ ಹೊತ್ತಿಕೊಂಡು ಪಿಸ್ಟನ್ನನ್ನೇ ಒಡೆಯಬಹುದು.

ಎಣ್ಣೆ ಬದಲಾಯಿಸಿ, ಮೇಲಿನ ಗುರುತಿನವರೆಗೆ ತುಂಬಿ, ನಡುವೆ ಯಾರೂ ಬಿಚ್ಚಿಲ್ಲ ಅಂತ ಗೊತ್ತಾಗಲು ಎಣ್ಣೆ ಇಳಿಸುವ ಡ್ರೈನ್ ಬೋಲ್ಟ್‌ಗೆ ಬಣ್ಣದ ಗುರುತು ಹಾಕಿದೆ. ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಅಳೆಯುವುದು, ಎಷ್ಟು ಕಡಿಮೆಯಾಗಿದೆ ನೋಡುವುದು. ಎಣ್ಣೆ ಕುಡಿಯುವ ದೂರು ಬಂದರೆ ನಾವು ಮಾಡುವ ಕ್ರಮ ಇದು. ಅಂದಹಾಗೆ, ಹೊಸ ಗಾಡಿಯ ಹಳೆ ಎಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ಬಿಸಿಲಿಗೆ ಹಿಡಿದರೆ ಅಭ್ರಕದ ಪುಡಿಯಂತೆ ಏನೋ ಮಿನುಗುತ್ತದೆ, ಒಳಗೆ ಉಜ್ಜಿ ಸವೆದ ಲೋಹದ ಪುಡಿ ಅದು. ಮೇಷ್ಟ್ರಿಗೂ ತೋರಿಸಿದೆ. ಹೆದರಿದರು. ಅವರ ಮನೆಯವರು ಹತ್ತಿರ ಬಂದು ನೋಡಿ, "ಹೊಸ ರುಬ್ಬುವ ಕಲ್ಲಲ್ಲಿ ಮೊದಲ ಎರಡು ಸಲ ರುಬ್ಬಿದ್ದನ್ನ ಚೆಲ್ಲಲ್ವಾ, ಹಾಗೇ ಇದು" ಅಂದರು. ಇಷ್ಟು ವರ್ಷದಲ್ಲಿ ನಾನು ಇಷ್ಟು ಚೆನ್ನಾಗಿ ಯಾರಿಗೂ ವಿವರಿಸಿರಲಿಲ್ಲ.

ಹಾಗಂತ ಹೊಸ ಕಾರಿನವರೆಲ್ಲ ಓಡಿ ಬಂದು ಐನೂರಕ್ಕೇ ಎಣ್ಣೆ ಬದಲಿಸಿ ಅನ್ನುವುದು ಬೇಡ. ಈಗ ಬಹಳ ಕಾರುಗಳಿಗೆ ಸಾವಿರದ ಮೊದಲ ಫ್ರೀ ಸರ್ವಿಸ್‌ನಲ್ಲಿ ಎಣ್ಣೆ ಬದಲಾವಣೆಯೇ ಇಲ್ಲ, ಬರೀ ತಪಾಸಣೆ. ಪುಸ್ತಕದಲ್ಲಿ ಏನಿದೆಯೋ ಅಷ್ಟು ಸಾಕು.

ಮಾರನೇ ದಿನ ಮೇಷ್ಟ್ರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ನಾನು ಪಕ್ಕದಲ್ಲಿ ಕೂತೆ. ತೀರ್ಥಹಳ್ಳಿ ರಸ್ತೆ ಹಿಡಿದೆವು. ಸಕ್ರೆಬೈಲಿನವರೆಗೆ ಸುಮ್ಮನೆ ಓಡಿಸಲು ಹೇಳಿದೆ, ಎಂಜಿನ್ ಬಿಸಿಯಾಗಲಿ ಅಂತ. ಆನೆ ಬಿಡಾರ ದಾಟಿದ ಮೇಲೆ ರಸ್ತೆ ಖಾಲಿ ಕಂಡ ಕಡೆ, "ಈಗ ಮೂರನೇ ಗೇರ್. ನಿಧಾನಕ್ಕೆ ಒತ್ತುತ್ತಾ ಹೋಗಿ. ಆರ್‌ಪಿಎಂ ಮುಳ್ಳು ಎರಡು ಸಾವಿರದಿಂದ ಮೂರೂವರೆ ಸಾವಿರದವರೆಗೆ ಬರಲಿ" ಅಂದೆ. ಅವರ ಬಲಗಾಲು ನಡುಗುತ್ತಿತ್ತು. ಎಂಜಿನ್ ಸದ್ದು ಏರಿದ ಕೂಡಲೇ ಕಾಲು ತೆಗೆದುಬಿಟ್ಟರು.

"ಕಿರುಚ್ತಾ ಇದೆಯಲ್ರೀ!"

"ಕಿರುಚ್ತಾ ಇಲ್ಲ ಮೇಷ್ಟ್ರೇ, ಹಾಡ್ತಾ ಇದೆ. ಇನ್ನೊಂದು ಸಲ."

ಮೂರನೇ ಸಲಕ್ಕೆ ಮುಳ್ಳು ಮೂರೂವರೆ ಮುಟ್ಟಿತು. ಆಮೇಲೆ ಕಾಲು ಪೂರ್ತಿ ತೆಗೆಸಿ, ಅದೇ ಗೇರ್‌ನಲ್ಲಿ ತಾನಾಗಿ ನಿಧಾನವಾಗಲು ಬಿಟ್ಟೆವು. ಕಾಲು ತೆಗೆದಾಗ ಸಿಲಿಂಡರ್ ಎಳೆದುಕೊಳ್ಳುವುದರಿಂದ ರಿಂಗಿನ ಹತ್ತಿರಕ್ಕೆ ಸ್ವಲ್ಪ ಎಣ್ಣೆ ಬರುತ್ತದೆ. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಮಂಡಗದ್ದೆ ಮುಟ್ಟುವ ಹೊತ್ತಿಗೆ ಹತ್ತು ಹನ್ನೆರಡು ಸಲ ಆಗಿತ್ತು. ಏರು ಬಂದ ಕಡೆ ನಾನು ಬಾಯಿ ಬಿಡುವ ಮುಂಚೆ ಅವರೇ ಗೇರ್ ಇಳಿಸಿದರು. ಬಡಿತ ಬರಲಿಲ್ಲ. ಅಲ್ಲಿ ಚಹಾ ಕುಡಿಯುವಾಗ ಡ್ಯಾಶ್‌ಬೋರ್ಡಿನಿಂದ ಕಾರಿನ ಪುಸ್ತಕ ತೆಗೆದು, ಜೇಬಿನ ಕೆಂಪು ಪೆನ್ನಿನಿಂದ ಒಂದು ಸಾಲಿಗೆ ಗೆರೆ ಎಳೆದು ನನ್ನ ಕಡೆ ತಿರುಗಿಸಿದರು. ದೊಡ್ಡ ಗೇರ್‌ನಲ್ಲಿ ನಿಧಾನವಾಗಿ ಓಡಿಸಬೇಡಿ ಅಂತ ಸ್ಪಷ್ಟವಾಗಿ ಬರೆದಿತ್ತು. "ನಾನು ನಿಮ್ಮನ್ನ ನಂಬಿ ಇದನ್ನ ಓದಲೇ ಇಲ್ಲ. ನೀವು ಓದಿದ್ರಾ?" ಅಂದರು.

ಓದಿರಲಿಲ್ಲ. ಹದಿನೇಳು ವರ್ಷದ ಸರ್ವಿಸ್‌ನಲ್ಲಿ ಆ ಪುಟ ಒಮ್ಮೆಯೂ ತೆರೆದಿರಲಿಲ್ಲ.

ಆ ವಾರ ಸಿಕ್ಕ ಸಿಕ್ಕ ಪುಸ್ತಕ ತೆಗೆದು ಓದಿದೆ. ಸುಜುಕಿಯವರು ಮೊದಲ 960 ಕಿ.ಮೀ. ಜೋಪಾನ ಅನ್ನುತ್ತಾರೆ. ಅದೇನು ವಿಚಿತ್ರ ಸಂಖ್ಯೆ ಅಂದುಕೊಂಡರೆ, 600 ಮೈಲಿಯನ್ನು ಕಿಲೋಮೀಟರ್ ಮಾಡಿದ್ದು. ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ಪೂರ್ತಿ ಆಕ್ಸಿಲರೇಟರ್ ಬೇಡ, ಮೊದಲ 320 ಕಿ.ಮೀ. ಜೋರಾಗಿ ಬ್ರೇಕ್ ಹೊಡೆಯಬೇಡಿ, ದೊಡ್ಡ ಗೇರ್‌ನಲ್ಲಿ ನಿಧಾನ ಬೇಡ. ಹ್ಯುಂಡೈಯವರು ಇನ್ನೂ ಬಿಡಿಸಿ ಹೇಳುತ್ತಾರೆ: ಮೊದಲ 1000 ಕಿ.ಮೀ. ಎಂಜಿನ್ 2000ದಿಂದ 4000 ಆರ್‌ಪಿಎಂ ನಡುವೆ ಇರಲಿ, ಒಂದೇ ವೇಗ ಬೇಡ, ಅದು ಜೋರಾಗಿರಲಿ ನಿಧಾನವಾಗಿರಲಿ. ಎರಡರಲ್ಲೂ ನಾನು ಹೇಳುತ್ತಿದ್ದ "ಅರವತ್ತು" ಇಲ್ಲ. ಸ್ಪೀಡೋಮೀಟರ್ ಕಡೆ ನೋಡಿ ಅಂತ ನಾನು ಹೇಳುತ್ತಿದ್ದೆ, ಅವರು ಪಕ್ಕದ ಮುಳ್ಳಿನ ಕಡೆ ನೋಡಿ ಅನ್ನುತ್ತಿದ್ದರು.

ತದ್ವಿರುದ್ಧದ ಗ್ರಾಹಕರೂ ಇದ್ದಾರೆ. ಒಬ್ಬ ಹುಡುಗ ಗಾಡಿ ತಗೊಂಡ ಮೂರನೇ ದಿನ ಬೆಂಗಳೂರಿಗೆ ಹೊರಟು, ಹೆದ್ದಾರಿಯಲ್ಲಿ ಕ್ರೂಸ್ ಕಂಟ್ರೋಲ್ ನೂರಕ್ಕೆ ಹಾಕಿ ಕಾಲು ಮಡಚಿ ಕೂತಿದ್ದನಂತೆ. ಇನ್ನೊಬ್ಬ ಯಾವುದೋ ವಿಡಿಯೋ ನೋಡಿ ಮೊದಲ ದಿನವೇ ಮುಳ್ಳನ್ನು ಕೆಂಪು ಗೆರೆಗೆ ಹಚ್ಚಿದ್ದ. ಧರ್ಮಸ್ಥಳಕ್ಕೆ ಏಳು ಜನರನ್ನು ತುಂಬಿಕೊಂಡು ಆಗುಂಬೆ ಇಳಿದು ಹತ್ತಿ ಬಂದವರು ಲೆಕ್ಕವಿಲ್ಲ. ಇಳಿಯುವಾಗ ತೊಂದರೆ ಎಂಜಿನ್‌ಗಲ್ಲ, ಇನ್ನೂ ಪಳಗದ ಬ್ರೇಕ್ ಪ್ಯಾಡ್‌ಗೆ. ಹತ್ತುವಾಗ ಆ ತಿರುವುಗಳಲ್ಲಿ ಎರಡನೇ ಗೇರ್ ಹಾಕಲು ನಾಚಿಕೆ ಪಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಮೇಷ್ಟ್ರ ಗಾಡಿ ಸಾವಿರ ಕಿಲೋಮೀಟರ್ ಮುಗಿಸಿ ಬಂದಾಗ ಎಣ್ಣೆ ಕಡಿಮೆಯಾಗಿತ್ತು, ಆದರೆ ಮೊದಲಿನಷ್ಟಲ್ಲ. ಕೆಲವು ಯುರೋಪಿಯನ್ ಕಂಪನಿಗಳು 1000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೂ ಸಹಜ ಅನ್ನುತ್ತವೆ. ಇದು ಅದಕ್ಕಿಂತ ಬಹಳ ಕೆಳಗಿತ್ತು. ಅದು ನಮ್ಮ ಮಂಡಗದ್ದೆ ಪ್ರಯಾಣದ ಫಲವೇ ಅಂತ ನಾನು ಎದೆ ತಟ್ಟಿ ಹೇಳಲಾರೆ. ಎಂಜಿನ್ ಬಿಚ್ಚಿ ನೋಡಿಲ್ಲ. ಮುಚ್ಚಳದ ಕೆನೆಯಂತೂ ಹೋಗಿತ್ತು. ಈಗ ಅವರು ಬೆಳಿಗ್ಗೆ ಅರ್ಧ ನಿಮಿಷ ಕಾದು ಹೊರಡುತ್ತಾರೆ, ಮೊದಲ ಎರಡು ಮೂರು ಕಿಲೋಮೀಟರ್ ಮೆಲ್ಲಗೆ. ವಾರಕ್ಕೊಮ್ಮೆ ಸುಮ್ನೆ ಶಿವಮೊಗ್ಗಕ್ಕೆ ಬಂದು ಹೋಗುತ್ತಾರೆ.

ಡೆಲಿವರಿ ದಿನ ನಾನೀಗ ಎಂಜಿನ್ ಮಾತೇ ಎತ್ತುವುದಿಲ್ಲ. ನಿಂಬೆಹಣ್ಣು ಒಡೆಯಲಿ, ಫೋಟೋ ಆಗಲಿ. ಎರಡು ದಿನ ಬಿಟ್ಟು ಫೋನ್ ಮಾಡುತ್ತೇನೆ. ಮೊದಲ ಪ್ರಶ್ನೆ ಒಂದೇ: "ದಿನಾ ಎಲ್ಲಿಗೆ ಹೋಗ್ತೀರಾ, ದಾರಿಯಲ್ಲಿ ಏರು ಇದೆಯಾ?" ಉತ್ತರ ಕೇಳಿದ ಮೇಲೆ ಆ ದಾರಿಗೆ ತಕ್ಕ ಹಾಗೆ ಹೇಳುತ್ತೇನೆ. ಸಾಗರದ ಅಡಿಕೆ ತೋಟದವರಿಗೆ ಹೇಳುವುದೇ ಬೇರೆ, ಭದ್ರಾವತಿಯಿಂದ ದಿನಾ ಓಡಾಡುವ ಬ್ಯಾಂಕಿನವರಿಗೆ ಬೇರೆ. ಒಂದೊಂದು ಫೋನಿಗೆ ಐದಾರು ನಿಮಿಷ ಹಿಡಿಯುತ್ತದೆ. ಮ್ಯಾನೇಜರ್ ಗೊಣಗುತ್ತಾರೆ. ಮೇಷ್ಟ್ರು ಕೆಂಪು ಗೆರೆ ಎಳೆದ ಪುಟದ ಝೆರಾಕ್ಸ್ ನನ್ನ ಟೇಬಲ್ ಗಾಜಿನ ಕೆಳಗಿದೆ. ಗೊಣಗಿದಾಗ ಅದನ್ನೇ ತೋರಿಸುತ್ತೇನೆ.