ಇಟಗಿ ಮಹಾದೇವ ದೇವಾಲಯ: ಎರಡು ತಾಸು, ಒಂದು ಟಾರ್ಚು

ಮ್ಯಾಪಿನಲ್ಲಿ ಬರೀ ‘ಇಟಗಿ’ ಅಂತ ಹುಡುಕಿದರೆ ಖಾನಾಪುರ ತಾಲ್ಲೂಕಿನ ಇಟಗಿಗೂ ದಾರಿ ತೋರಿಸೀತು. ಮಹಾದೇವ ದೇವಾಲಯ ಇರುವುದು ಕೊಪ್ಪಳ ಜಿಲ್ಲೆಯಲ್ಲಿ, ಕುಕನೂರಿನಿಂದ ಸುಮಾರು 7 ಕಿ.ಮೀ. ಬಸ್ಸಿನಲ್ಲಿ ಹೋದರೆ, ಇಳಿಯುವಾಗಲೇ ವಾಪಸ್ ಗಾಡಿ ಎಷ್ಟೊತ್ತಿಗೆ ಅಂತ ಕಂಡಕ್ಟರನ್ನು ಕೇಳಿಕೊಳ್ಳಿ. ಕಾರು ಮಾಡಿಕೊಂಡರೆ ವೇಟಿಂಗ್ ದುಡ್ಡನ್ನೂ ಸೇರಿಸಿ ಮೊದಲೇ ಬಾಡಿಗೆ ಕುದುರಿಸಿ. ‘ಒಂದೇ ಗುಡಿ, ಅರ್ಧ ತಾಸು ಸಾಕು’ ಅನ್ನುವ ಚಾಲಕರ ಮಾತು ನಂಬಿದರೆ, ಆಮೇಲಿನ ಪ್ರತಿ ತಾಸಿಗೂ ಲೆಕ್ಕ ಶುರುವಾಗುತ್ತದೆ. ಇಲ್ಲಿಗೆ ಎರಡು ತಾಸು ಬೇಕೇ ಬೇಕು.

ಕಟ್ಟಿಸಿದವನು ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ, 1112ರಲ್ಲಿ. ಇಲ್ಲಿನ ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಅನ್ನುತ್ತದೆ. ಆ ಮಾತು ಎಷ್ಟು ನಿಜ ಅನ್ನುವುದು ತೆರೆದ ಮಂಟಪದಲ್ಲಿ ನಿಂತಾಗ ಗೊತ್ತಾಗುತ್ತದೆ. ಮೂಲದಲ್ಲಿ ಇದಕ್ಕೆ 68 ಕಂಬಗಳು. ನೆಲದಿಂದಲೇ ಎದ್ದ 26 ದೊಡ್ಡ ಕಂಬಗಳು ಮುಖ್ಯ ಛಾವಣಿಯನ್ನು ಹೊರುತ್ತವೆ. ಉಳಿದವು ಸುತ್ತಲಿನ ಕಕ್ಷಾಸನದ (ಕೂರುವ ಕಲ್ಲಿನ ಜಗಲಿಯ) ಮೇಲೆ ನಿಂತು ಇಳಿಜಾರು ಸೂರಿಗೆ ಆಸರೆ ಕೊಡುವಂಥವು.

ಗುಡಿಯ ಮುಖ ಪೂರ್ವಕ್ಕೆ, ಹಾಗಾಗಿ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಬರಿಗಾಲು ಊರಲಾಗುವುದಿಲ್ಲ, ದಪ್ಪ ಕಾಲುಚೀಲ ಇರಲಿ. ಒಳಗಿನ ಮುಚ್ಚು ಮಂಟಪ ಕತ್ತಲು. ಅಲ್ಲಿ ಫೋನಿನ ಫ್ಲ್ಯಾಶು ಕೆತ್ತನೆಯ ಆಳವನ್ನೆಲ್ಲ ನುಂಗಿಬಿಡುತ್ತದೆ. ಸಣ್ಣ ಟಾರ್ಚನ್ನು ಕಂಬದ ಬಗಲಿಗೆ ಓರೆಯಾಗಿ ಹಿಡಿಯಿರಿ: ಬಳೆ ಪೇರಿಸಿಟ್ಟ ಹಾಗೆ ಒಂದರ ಮೇಲೊಂದು ಸುತ್ತು, ಪ್ರತಿ ಸುತ್ತಿಗೂ ಚೂಪಾದ ಅಂಚು. ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲಿನಲ್ಲಿ ಇಷ್ಟು ಸಣ್ಣ ಗೆರೆ ನಿಲ್ಲುವುದು ಕಷ್ಟ. ಶಿಖರವನ್ನು ಹಿಂದಿನಿಂದಲೂ ನೋಡಿ, ಪುಷ್ಕರಣಿಯನ್ನು ಬಿಡಬೇಡಿ.

ಊಟ ಕುಕನೂರಿನಲ್ಲಿ. ಬೋರ್ಡು ನೋಡಬೇಡಿ, ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುವ ಖಾನಾವಳಿಗೆ ನುಗ್ಗಿ. ಬಿಸಿ ಜೋಳದ ರೊಟ್ಟಿ, ಬದನೆ ಎಣ್ಣೆಗಾಯಿ, ಮಡಕಿಕಾಳು ಪಲ್ಯ, ಕಚ್ಚಲು ಹಸಿ ಉಳ್ಳಾಗಡ್ಡಿ. ಶೇಂಗಾ ಹಿಂಡಿಗೆ ಗಟ್ಟಿ ಮೊಸರು ಕಲಸಿಕೊಳ್ಳಿ, ಖಾರ ಹದಕ್ಕೆ ಬರುತ್ತದೆ. ಖಡಕ್ ರೊಟ್ಟಿ ತಂದಿಟ್ಟರೆ ಬಿಸಿ ರೊಟ್ಟಿಯೇ ಬೇಕು ಅನ್ನಿ, ಹತ್ತು ನಿಮಿಷ ಕಾದರೂ ಪರವಾಗಿಲ್ಲ. ಉಂಡ ಮೇಲೆ ಅದೇ ಊರಿನ ನವಲಿಂಗ ಗುಡಿ ನೋಡಬಹುದು. ಲಕ್ಕುಂಡಿಯನ್ನು ಅದೇ ದಿನಕ್ಕೆ ತುರುಕಬೇಡಿ, ಅದಕ್ಕೆ ಇನ್ನೊಂದು ಬೆಳಗು ಇಡಿ.